ಒಂದೇ ತೋಟ, ನಾಲ್ಕು ಜ್ವರ



ಅಡಿಕೆಗೆ ಕೊಳೆ ಬಂತೆಂದರೆ ನಾವು ಕೂಡಲೇ ಸಂಘದ ಕಚೇರಿಗೆ ಬಂದು ಮೈಲುತುತ್ತ ಒಯ್ಯುತ್ತೇವೆ. ಕಾಫಿಗೆ ಕಾಂಡಕೊರಕ ಬಿದ್ದ ಸುದ್ದಿ ಕೇಳಿದರೆ ಒಂದೊಂದು ಗಿಡವನ್ನೂ ಮುಟ್ಟಿ ನೋಡುತ್ತೇವೆ. ಆದರೆ ತೋಟದಲ್ಲಿ ದುಡಿಯುವವರಿಗೆ, ನಮಗೇ ಆಗಲಿ ನಮ್ಮ ಆಳುಗಳಿಗೇ ಆಗಲಿ, ಜ್ವರ ಬಂದರೆ ಅಷ್ಟು ವಿಚಾರ ಮಾಡುವುದಿಲ್ಲ. ಬೇಸಿಗೆಯಾದರೆ "ಮಂಗನ ಕಾಯಿಲೆ ಇರಬೇಕು", ಮಳೆಗಾಲವಾದರೆ "ಡೆಂಗಿ ಇರಬೇಕು", ಎರಡೂ ಅಲ್ಲವೆಂದರೆ "ಟೈಫಾಯಿಡ್" ಎಂದು ನಾವೇ ಹೆಸರಿಟ್ಟುಬಿಡುತ್ತೇವೆ. ಪೇಟೆಯ ಅಂಗಡಿಯಿಂದ ನಾಲ್ಕು ಮಾತ್ರೆ ತರಿಸಿ ನುಂಗಿ ಮೂರು ದಿನ ಕಾಯುತ್ತೇವೆ. ಆ ಮೂರು ದಿನಗಳ ಬೆಲೆ ಕೆಲವೊಮ್ಮೆ ಒಂದು ಜೀವ.

ಅಡಿಕೆಯ ಸೋಗೆ ಹಳದಿಯಾದುದನ್ನು ಕಂಡ ಅನುಭವಿ ಬೆಳೆಗಾರನು ಅಲ್ಲಿಯೇ ನಿಂತು ರೋಗದ ಹೆಸರು ಹೇಳುವುದಿಲ್ಲ. ಬಸಿಗಾಲುವೆ ಕಟ್ಟಿಕೊಂಡು ಬುಡದಲ್ಲಿ ನೀರು ನಿಂತಿದೆಯೇ, ಬೇರುಹುಳು ಬಿದ್ದಿದೆಯೇ, ಗೊಬ್ಬರ ಕಡಿಮೆಯಾಯಿತೇ, ಅಥವಾ ಹಳದಿ ಎಲೆ ರೋಗವೇ ಬಂದಿತೇ ಎಂದು ಬುಡ ಕೆದಕಿ ನೋಡುತ್ತಾನೆ. ನಮ್ಮ ಸೀಮೆಯ ಜ್ವರಗಳ ಸಂಗತಿಯೂ ಹಾಗೆಯೇ. ಹೊರಗೆ ಕಾಣುವ ಲಕ್ಷಣ ಒಂದೇ, ಒಳಗಿನ ಕಾರಣ ಹಲವು. ಕಾರಣ ಬೇರೆಯಾದರೆ ಔಷಧಿಯೂ ಬೇರೆ.

ರೋಗಕ್ಕೂ ಒಂದು ಸೀಮೆಯುಂಟು

ಕೆಲವು ರೋಗಗಳು ಮನುಷ್ಯನಿಂದ ಮನುಷ್ಯನಿಗೆ ಹರಡಿ ಎಲ್ಲ ದೇಶಗಳನ್ನೂ ಸುತ್ತುತ್ತವೆ. ಇನ್ನು ಕೆಲವು ರೋಗಗಳಿಗೆ ನೆಲವೇ ಮನೆ. ಅಲ್ಲಿನ ಕಾಡು, ಪ್ರಾಣಿ, ಕೀಟ, ಮಳೆ ಇವೆಲ್ಲ ಒಂದಕ್ಕೊಂದು ಹೊಂದಿಕೊಂಡು ರೋಗಾಣುವನ್ನು ಸಾಕುತ್ತಿರುತ್ತವೆ. ಮನುಷ್ಯನು ಅಲ್ಲಿಗೆ ಹೋದಾಗ ಅದು ಅವನಿಗೂ ತಗಲುತ್ತದೆ. ೧೯೩೯ರಲ್ಲಿ ರಷ್ಯದ ಪಾವ್ಲೋವ್ಸ್ಕಿ ಎಂಬ ವಿಜ್ಞಾನಿ ಈ ವಿಚಾರವನ್ನು ಒಂದು ಸಿದ್ಧಾಂತವಾಗಿ ಮಂಡಿಸಿದನು. ಅಂಥ ರೋಗ ಯಾವ ನೆಲದಲ್ಲಿದೆ ಎಂಬುದನ್ನು ಭೂಮಿಯ ಲಕ್ಷಣ ನೋಡಿಯೇ ಊಹಿಸಬಹುದೆಂಬುದು ಅವನ ಅಭಿಪ್ರಾಯದ ಸಾರ.

ಉಷ್ಣವಲಯದಲ್ಲಿ ಇಂಥ ನೆಲೆಗಳು ಒಂದರ ಮೇಲೊಂದು ಬೀಳುತ್ತವೆ. ವರ್ಷವಿಡೀ ಬೆಚ್ಚಗಿರುವ ಹವೆ, ಧಾರಾಳ ಮಳೆ, ಬಗೆಬಗೆಯ ಪ್ರಾಣಿ ಕೀಟಗಳು ಒಂದೇ ಕಡೆ ಇರುವುದೇ ಇದಕ್ಕೆ ಕಾರಣ. ನಾಲ್ಕು ಭೂಪಟಗಳನ್ನು ಮನಸ್ಸಿನಲ್ಲಿ ಒಂದರ ಮೇಲೊಂದಿಟ್ಟು ನೋಡೋಣ. ಮಂಗನ ಕಾಯಿಲೆಯದು ಸಹ್ಯಾದ್ರಿಯ ಉದ್ದಕ್ಕೆ ಹಬ್ಬಿದ ಒಂದು ಕಿರಿದಾದ ಪಟ್ಟಿ. ಸ್ಕ್ರಬ್ ಟೈಫಸ್ ಎಂಬ ಜ್ವರದ ಸೀಮೆ ಜಪಾನು, ಉತ್ತರ ಆಸ್ಟ್ರೇಲಿಯಾ, ಪಾಕಿಸ್ತಾನ ಇವನ್ನು ಮೂಲೆಗಳಾಗಿ ಉಳ್ಳ ಒಂದು ದೊಡ್ಡ ತ್ರಿಕೋನ. ಇಲಿ ಜ್ವರ ಮತ್ತು ಡೆಂಗಿಯ ಪಟಗಳು ಮಳೆ ಬೀಳುವ ಉಷ್ಣವಲಯವನ್ನೆಲ್ಲ ಮುಚ್ಚುತ್ತವೆ. ಈ ನಾಲ್ಕರ ಅಡಿಯಲ್ಲಿಯೂ ಬರುವ ಪ್ರದೇಶ ಜಗತ್ತಿನಲ್ಲಿ ತೀರ ಸಣ್ಣದು. ಆ ಸಣ್ಣ ಪ್ರದೇಶದಲ್ಲಿಯೇ ನಮ್ಮ ಅಡಿಕೆ ಕಾಫಿ ತೋಟಗಳಿವೆ.

ತಾಲ್ಲೂಕಿನ ಪಟವೂ ಬೇಕಿಲ್ಲ. ಸೊಪ್ಪಿನ ಬೆಟ್ಟದಿಂದ ಮನೆಯಂಗಳದವರೆಗೆ ಇಳಿದು ಬಂದರೆ ಒಂದೇ ಹಿಡುವಳಿಯಲ್ಲಿ ನಾಲ್ಕೂ ನೆಲೆಗಳು ಸಿಗುತ್ತವೆ.

ಬೆಟ್ಟದಲ್ಲಿ: ಮಂಗನ ಕಾಯಿಲೆ

೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನರಿಗೂ ಜ್ವರ ಬಂತು. ಮೊದಲು ಅದನ್ನು ಟೈಫಾಯಿಡ್ ಎಂದೇ ಶಂಕಿಸಲಾಗಿತ್ತು. ಮಂಗಗಳು ಸಾಯುತ್ತಿದ್ದುದರಿಂದ, ಭಾರತದಲ್ಲಿ ಎಂದೂ ಇಲ್ಲದ ಹಳದಿ ಜ್ವರ ಕಾಲಿಟ್ಟಿತೇ ಎಂಬ ಗಾಬರಿಯೂ ಆಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಪರೀಕ್ಷಿಸಿದಾಗ ಅದು ಹಳದಿ ಜ್ವರವೂ ಅಲ್ಲ, ಟೈಫಾಯಿಡೂ ಅಲ್ಲ, ಉಣುಗಿನಿಂದ ಹರಡುವ ಹೊಸ ವೈರಸ್ ಎಂದು ತಿಳಿಯಿತು. ಸೈಬೀರಿಯದ ಕಾಡುಗಳಲ್ಲಿ ಉಣುಗಿನಿಂದಲೇ ಬರುವ ಮಿದುಳು ಜ್ವರದ ವೈರಸ್‌ಗೆ ಇದು ಹತ್ತಿರದ ಸಂಬಂಧಿ.

ಈ ಉಣುಗಿನ ಬದುಕು ನಮ್ಮ ಕೆಲಸದ ಪಂಚಾಂಗಕ್ಕೆ ಸರಿಯಾಗಿ ಹೊಂದುತ್ತದೆ. ಮಳೆ ನಿಂತ ಮೇಲೆ ಹುಟ್ಟುವ ಮರಿಗಳು ಡಿಸೆಂಬರಿನ ಹೊತ್ತಿಗೆ ಎರಡನೆಯ ಹಂತಕ್ಕೆ ಬರುತ್ತವೆ. ಎಳ್ಳಿನ ಕಾಳಿನಷ್ಟು ಸಣ್ಣದಾದ, ಮೈಮೇಲೆ ಹತ್ತಿದರೂ ಗೊತ್ತಾಗದ ಈ ಹಂತದ ಉಣುಗುಗಳೇ ಮನುಷ್ಯನಿಗೆ ಹೆಚ್ಚಾಗಿ ಕಚ್ಚುವುದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅವುಗಳ ಕಾಲ. ನಾವು ಬೆಟ್ಟಕ್ಕೆ ಹೋಗಿ ದರಗು ಗುಡಿಸುವುದೂ, ಸೊಪ್ಪು ಸೌದೆ ತರುವುದೂ, ದನ ಮೇಯಲು ಬಿಡುವುದೂ ಅದೇ ಕಾಲದಲ್ಲಿ. ದರಗಿನ ಹೊರೆಯೊಂದಿಗೆ ಉಣುಗು ಕೊಟ್ಟಿಗೆಗೂ ಮನೆಯಂಗಳಕ್ಕೂ ಬರುತ್ತದೆ. ದನಗಳಿಗೆ ಈ ಕಾಯಿಲೆ ಬಾಧಿಸದಿದ್ದರೂ ಉಣುಗಿನ ಸಂತತಿ ಬೆಳೆಯುವುದು ಅವುಗಳ ರಕ್ತ ಕುಡಿದೇ.

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಒಮ್ಮೆಲೇ ಜೋರಾದ ಜ್ವರ, ತಲೆನೋವು, ಸೊಂಟ ಕೈಕಾಲುಗಳ ಸೆಳೆತ, ವಾಂತಿ, ಕಣ್ಣು ಕೆಂಪಾಗುವುದು, ಕೆಲವರಿಗೆ ರಕ್ತಸ್ರಾವ. ಜ್ವರ ಬಿಟ್ಟಿತೆಂದು ಸಮಾಧಾನಪಟ್ಟ ಒಂದೆರಡು ವಾರದ ಮೇಲೆ ಕೆಲವರಿಗೆ ಎರಡನೆಯ ಸಲ ಬರುತ್ತದೆ. ಆಗ ಮಿದುಳಿಗೂ ತೊಂದರೆಯಾಗಬಹುದು. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಮಂದಿ ತೀರಿಕೊಳ್ಳುತ್ತಾರೆ. ರೋಗಿಯಿಂದ ಇನ್ನೊಬ್ಬರಿಗೆ ಇದು ಹರಡುವುದಿಲ್ಲ. ಆದ್ದರಿಂದ ಕಾಯಿಲೆಯವರ ಮನೆಗೆ ಹೋಗದೆ ದೂರವಿಡುವುದು ಅಜ್ಞಾನ. ೧೯೯೦ರಿಂದ ಕೊಡುತ್ತಿದ್ದ ಲಸಿಕೆಯ ಶಕ್ತಿ ಸಾಲದೆಂದು ಕಂಡುಬಂದುದರಿಂದ ಅದನ್ನು ೨೦೨೨ರಲ್ಲಿ ನಿಲ್ಲಿಸಲಾಯಿತು. ಹೊಸ ಲಸಿಕೆ ಕೈಗೆ ಬರುವವರೆಗೆ ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ರಕ್ಷಣೆ.

ಬೇಲಿಸಾಲಿನಲ್ಲಿ: ಸ್ಕ್ರಬ್ ಟೈಫಸ್

ಬೆಟ್ಟದಿಂದ ಇಳಿದರೆ ಬೇಲಿ, ಅದರ ಆಚೀಚೆ ಹುಲ್ಲು, ಕುರುಚಲು ಪೊದೆ. ಇಲ್ಲಿ ಇಲಿ ಹೆಗ್ಗಣಗಳ ಬಿಲಗಳಿರುತ್ತವೆ. ಅವುಗಳ ಮೈಮೇಲೆ, ಹುಲ್ಲಿನ ತುದಿಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿಗಳಿರುತ್ತವೆ. ತೆಂಗಿನ ಕಾಯಿಗೆ ಬೀಳುವ ನುಸಿಯನ್ನು ನಾವು ಬಲ್ಲೆವು. ಇದು ಬೇರೆ ಜಾತಿಯದು, ಮನುಷ್ಯನಿಗೂ ಕಚ್ಚುತ್ತದೆ. ಮಳೆ ಕಡಿಮೆಯಾದ ಮೇಲೆ ಕಳೆ ಸವರುವಾಗ, ಕಾಫಿ ಕೊಯ್ಲಿಗೆ ಮುಂಚೆ ಬುಡ ಬಿಡಿಸುವಾಗ, ಹುಲ್ಲಿನ ಮೇಲೆ ಕುಳಿತು ಬುತ್ತಿ ಉಣ್ಣುವಾಗ ಮೈಗೆ ಹತ್ತುತ್ತದೆ. ಆಗಸ್ಟಿನಿಂದ ಜನವರಿಯವರೆಗೆ ಈ ಜ್ವರ ಹೆಚ್ಚು.

ಕಚ್ಚಿದ ಒಂದರಿಂದ ಮೂರು ವಾರದೊಳಗೆ ಜ್ವರ, ವಿಪರೀತ ತಲೆನೋವು, ಮೈನೋವು, ಕೆಲವರಿಗೆ ಕೆಮ್ಮು, ಉಬ್ಬಸ. ಗುರುತು ಹಿಡಿಯಲು ಒಂದು ಒಳ್ಳೆಯ ಸಾಧನವಿದೆ. ನುಸಿ ಕಚ್ಚಿದಲ್ಲಿ ಬೀಡಿಯಿಂದ ಸುಟ್ಟ ಗಾಯದಂಥ ಕಪ್ಪು ಹೊಪ್ಪಳೆ ಏಳಬಹುದು. ಅದು ನೋಯುವುದೂ ಇಲ್ಲ, ತುರಿಸುವುದೂ ಇಲ್ಲ. ಕಂಕುಳು, ತೊಡೆಸಂದು, ಸೊಂಟಪಟ್ಟಿಯ ಜಾಗ, ಹೆಂಗಸರಿಗೆ ಎದೆಯ ಕೆಳಗೆ, ಹೀಗೆ ಮುಚ್ಚಿದ ಕಡೆಯೇ ಇರುವುದರಿಂದ ರೋಗಿ ಹೇಳುವುದಿಲ್ಲ, ನೋಡದೆ ಗೊತ್ತಾಗುವುದೂ ಇಲ್ಲ. ಹೊಪ್ಪಳೆ ಎಲ್ಲರಿಗೂ ಏಳುವುದಿಲ್ಲ. ಆದ್ದರಿಂದ ಅದು ಕಾಣಲಿಲ್ಲವೆಂದು ಈ ಜ್ವರವಲ್ಲವೆನ್ನಲಾಗದು. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಔಷಧಿಯನ್ನು ವೈದ್ಯರು ಬೇಗ ಆರಂಭಿಸಿದರೆ ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳು ಕೆಡುತ್ತವೆ. ಪೆನಿಸಿಲಿನ್ ವರ್ಗದ ಔಷಧಿಗಳಿಗೆ ಈ ರೋಗಾಣು ಜಗ್ಗುವುದಿಲ್ಲ.

ಬಸಿಗಾಲುವೆಯಲ್ಲಿ: ಇಲಿ ಜ್ವರ

ಇನ್ನೂ ಕೆಳಗಿಳಿದರೆ ತೋಟದ ತಗ್ಗು. ಇಲಿ, ಹೆಗ್ಗಣ, ದನ, ನಾಯಿ ಇವುಗಳ ಮೂತ್ರದಲ್ಲಿ ಲೆಪ್ಟೊಸ್ಪೈರಾ ಎಂಬ ಸುರುಳಿಯಾಕಾರದ ರೋಗಾಣು ಹೊರಬರುತ್ತದೆ. ಬಿಸಿಲಿಗೆ ಒಣಗಿದರೆ ಸಾಯುತ್ತದೆ. ನೆರಳಿನ ಕೆಸರಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕಿರುತ್ತದೆ. ಮಳೆಗಾಲದಲ್ಲಿ ಬಸಿಗಾಲುವೆ ಬಿಡಿಸುವವನ ಕಾಲಿನ ಕೆಸರುಹುಣ್ಣು, ಕತ್ತಿ ತಾಗಿದ ಗಾಯ, ಉಂಬಳ ಕಚ್ಚಿ ಕೆರೆದ ಜಾಗ ಇವೇ ಅದಕ್ಕೆ ಬಾಗಿಲು. ೨೦೧೮ರಲ್ಲಿ ಕೇರಳದ ಮಹಾಪೂರ ಇಳಿದ ಮೇಲೆ ಅಲ್ಲಿ ಈ ಜ್ವರ ಎಷ್ಟು ಜನರನ್ನು ಕಾಡಿತೆಂಬುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಚಳಿಜ್ವರ ಬರುತ್ತದೆ. ಮೀನಖಂಡವನ್ನು ಮುಟ್ಟಿದರೆ ಕೂಗುವಷ್ಟು ನೋವು, ಕಣ್ಣು ಕೆಂಪು. ಹೆಚ್ಚಿದವರಿಗೆ ಕಾಮಾಲೆ ಕಾಣುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಕಣ್ಣು ಹಳದಿಯಾಯಿತೆಂದು ಕಾಮಾಲೆಗೆ ನಾಟಿ ಔಷಧಿ ಹುಡುಕುತ್ತ ಹೋಗಿ ಮೂತ್ರಪಿಂಡ ನಿಂತ ಮೇಲೆ ಆಸ್ಪತ್ರೆಗೆ ಬರುವವರಿದ್ದಾರೆ. ಇದಕ್ಕೂ ಡಾಕ್ಸಿಸೈಕ್ಲಿನ್, ಪೆನಿಸಿಲಿನ್ ಮುಂತಾದ ಖಚಿತವಾದ ಔಷಧಿಗಳಿವೆ, ಬೇಗ ಕೊಟ್ಟರೆ ಮಾತ್ರ.

ಅಂಗಳದಲ್ಲಿ: ಡೆಂಗಿ

ಕೊನೆಯದು ಮನೆಯ ಸುತ್ತ. ಡೆಂಗಿ ಪೇಟೆಯ ರೋಗವೆಂಬ ನಂಬಿಕೆ ನಮ್ಮಲ್ಲಿದೆ. ಪೇಟೆಯಲ್ಲಿ ಅದನ್ನು ಹರಡುವ ಸೊಳ್ಳೆಗೆ ತೋಟದಲ್ಲಿ ಒಂದು ತಂಗಿ ಇದ್ದಾಳೆ, ಕಪ್ಪು ಮೈಮೇಲೆ ಬಿಳಿ ಗೀರು, ಹಗಲಲ್ಲೇ ಕಚ್ಚುವವಳು. ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ಒಂದು ಲೋಟ ನೀರು ಅವಳ ಸಂಸಾರಕ್ಕೆ ಸಾಕು. ತೆಂಗಿನ ಚಿಪ್ಪು, ಕೋಕೋ ಕಾಯಿಯ ಸಿಪ್ಪೆ, ರಬ್ಬರ್ ಹಾಲಿನ ಬಟ್ಟಲು, ಬೋರ್ಡೋ ಕದಡಿದ ಡ್ರಮ್ಮು ಇವೂ ಆಗುತ್ತವೆ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸೊಳ್ಳೆಯ ಒಂದು ಪೀಳಿಗೆಯೇ ತಪ್ಪುತ್ತದೆ.

ಡೆಂಗಿಯಲ್ಲಿ ಜ್ವರ ಇಳಿದ ಒಂದೆರಡು ದಿನವೇ ಅಪಾಯದ ಕಾಲ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು ಇವು ಕಂಡರೆ ತಡಮಾಡಬಾರದು.

ಗೊಂದಲವಾಗುವುದು ಏಕೆ?

ಮೇಲಿನ ನಾಲ್ಕನ್ನೂ ಓದಿದವರಿಗೆ ಒಂದು ಸಂಗತಿ ಹೊಳೆದಿರಬೇಕು. ಮೊದಲ ಮೂರು ನಾಲ್ಕು ದಿನ ಎಲ್ಲದರ ಲಕ್ಷಣವೂ ಒಂದೇ: ಜ್ವರ, ತಲೆನೋವು, ಮೈನೋವು. ಪ್ಲೇಟ್‌ಲೆಟ್ ಕಡಿಮೆಯಾದರೆ ಡೆಂಗಿ ಎಂದು ನಾವು ತೀರ್ಮಾನಿಸುತ್ತೇವೆ. ಆದರೆ ಪ್ಲೇಟ್‌ಲೆಟ್ ನಾಲ್ಕರಲ್ಲಿಯೂ ಇಳಿಯಬಹುದು. ಟೈಫಾಯಿಡ್ ಪತ್ತೆಗೆ ಮಾಡುವ ವೈಡಲ್ ಪರೀಕ್ಷೆ ಟೈಫಾಯಿಡ್ ಇಲ್ಲದವರಲ್ಲಿಯೂ ಇದೆಯೆಂದು ತೋರಿಸುವುದುಂಟು. ಮಂಗನ ಕಾಯಿಲೆ ಮತ್ತು ಡೆಂಗಿಯ ವೈರಸ್‌ಗಳು ಒಂದೇ ಕುಲದವಾದ್ದರಿಂದ ಒಂದಕ್ಕಾಗಿ ಮಾಡಿದ ರಕ್ತಪರೀಕ್ಷೆ ಇನ್ನೊಂದರಿಂದ ದಾರಿ ತಪ್ಪಬಹುದು. ವೈರಸ್ಸನ್ನೇ ಹುಡುಕುವ ಪರೀಕ್ಷೆಗಳು ಮೊದಲ ನಾಲ್ಕೈದು ದಿನಗಳಲ್ಲಿ ಉಪಯುಕ್ತ. ದೇಹದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆಗಳು ಆಮೇಲೆ ಉಪಯುಕ್ತ. ಸಮಯ ತಪ್ಪಿ ಮಾಡಿದ ಪರೀಕ್ಷೆ "ಇಲ್ಲ" ಎಂದರೆ ರೋಗವಿಲ್ಲವೆಂದು ಅರ್ಥವಲ್ಲ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಒಂದೇ ರೋಗಿಯಲ್ಲಿ ಎರಡು ಜ್ವರ ಸೇರಿರಬಹುದು. ಡೆಂಗಿಯೊಂದಿಗೆ ಸ್ಕ್ರಬ್ ಟೈಫಸ್, ಡೆಂಗಿಯೊಂದಿಗೆ ಇಲಿ ಜ್ವರ ಇದ್ದವರನ್ನು ನಮ್ಮ ದೇಶದ ವೈದ್ಯರು ಕಂಡಿದ್ದಾರೆ.

ನಮ್ಮ ಸದಸ್ಯರೊಬ್ಬರ ತೋಟದ ಆಳಿನ ಪ್ರಸಂಗ ಇಲ್ಲಿ ಹೇಳಬಹುದು. ಜನವರಿ ತಿಂಗಳು, ಜ್ವರ ಬಂತು, ಮಂಗನ ಕಾಯಿಲೆಯೆಂದೇ ಊರೆಲ್ಲ ಮಾತಾಯಿತು. ಪರೀಕ್ಷೆಯಲ್ಲಿ ಅದಲ್ಲವೆಂದು ಬಂದಾಗ ಎಲ್ಲರೂ ನಿರಾಳರಾದರು, ಜ್ವರ ಮಾತ್ರ ಇಳಿಯಲಿಲ್ಲ. ಆರನೆಯ ದಿನ ಇನ್ನೊಬ್ಬ ವೈದ್ಯರು ಹದಿನೈದು ದಿನದ ಹಿಂದೆ ಏನು ಕೆಲಸ ಮಾಡಿದೆ ಎಂದು ಕೇಳಿದರು. ಬೇಲಿ ಸವರಿದೆ ಎಂದನು. ಅಂಗಿ ಬಿಚ್ಚಿಸಿ ನೋಡಿದರೆ ಸೊಂಟದ ಉಡಿದಾರದ ಕೆಳಗೆ ಕಪ್ಪು ಹೊಪ್ಪಳೆ. ಔಷಧಿ ಬಿದ್ದ ಎರಡನೆಯ ದಿನ ಎದ್ದು ಗಂಜಿ ಕುಡಿದನು. ಆ ಒಂದು ಪ್ರಶ್ನೆ ಹತ್ತು ಪರೀಕ್ಷೆಗಳ ಕೆಲಸ ಮಾಡಿತು.

ಸೀಮೆಯ ಗಡಿ ನಿಂತಲ್ಲಿ ನಿಲ್ಲುವುದಿಲ್ಲ

"ನಮ್ಮ ಊರಲ್ಲಿ ಆ ಕಾಯಿಲೆ ಇಲ್ಲ" ಎಂಬ ಮಾತನ್ನು ನಂಬಿ ಕೂರುವಂತಿಲ್ಲ. ಮಲೆನಾಡೆಂದರೆ ಮಲೇರಿಯಾ ಎಂದು ಹೆದರಿ ಘಟ್ಟಕ್ಕೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದ ಕಾಲವೊಂದಿತ್ತು. ತಿಳಿನೀರಿನ ಸಣ್ಣ ಹಳ್ಳಗಳಲ್ಲಿ ಹುಟ್ಟುವ ಸೊಳ್ಳೆ ಅದಕ್ಕೆ ಕಾರಣ. ೧೯೪೬ರಲ್ಲಿ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳಲ್ಲಿ ಡಾ. ವಿಶ್ವನಾಥನ್ ಅವರು ಡಿ.ಡಿ.ಟಿ. ಸಿಂಪಡಣೆ ಆರಂಭಿಸಿದರು, ೧೯೫೩ರಲ್ಲಿ ದೇಶಕ್ಕೆಲ್ಲ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. ಘಟ್ಟದ ಮಲೇರಿಯಾ ಹಿಂದೆ ಸರಿಯಿತು. ಆದರೆ ೧೯೯೦ರ ದಶಕದಿಂದ ಮಂಗಳೂರಿನ ಕಟ್ಟಡ ಕೆಲಸದ ನೀರಿನಲ್ಲಿ, ತೊಟ್ಟಿಗಳಲ್ಲಿ ಹುಟ್ಟುವ ಬೇರೊಂದು ಸೊಳ್ಳೆಯಿಂದ ಪೇಟೆಯಲ್ಲಿ ಅದೇ ಮಲೇರಿಯಾ ತಲೆಯೆತ್ತಿತು.

ಮಂಗನ ಕಾಯಿಲೆಯೂ ಹೀಗೆಯೇ ನಡೆದಿದೆ. ಸೊರಬದಲ್ಲಿ ಕಂಡದ್ದು ೧೯೮೨-೮೩ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಗೇರು ತೋಪಿಗಾಗಿ ಕಾಡು ಕಡಿದ ಸೀಮೆಯಲ್ಲಿ, ದೊಡ್ಡದಾಗಿ ಎದ್ದಿತು. ೨೦೧೨ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ವಿಲೇವಾರಿ ಮಾಡಿದ ಕೆಲಸಗಾರರಿಗೆ ಬಂತು. ಆಮೇಲೆ ವಯನಾಡು, ನೀಲಗಿರಿ, ಗೋವೆ, ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ ಕಾಣಿಸಿತು. ಗೋವೆಯಲ್ಲಿ ಪೆಟ್ಟು ತಿಂದವರಲ್ಲಿ ಗೇರು ತೋಟದ ಕೂಲಿಗಳಿದ್ದರು. ೨೦೧೯ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಸಾವುಗಳಾದವು. ಕಾಡು ತೋಟ ಸೇರುವ ಅಂಚು ಎಲ್ಲಿದೆಯೋ ಅಲ್ಲಿ ಎಚ್ಚರವಿರಬೇಕು.

ನಾವು ಮಾಡಬೇಕಾದದ್ದು

೧. ಜ್ವರ ಎರಡನೆಯ ದಿನಕ್ಕೆ ಇಳಿಯದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಬಾಯಿಬಿಟ್ಟು ಹೇಳಬೇಕಾದ ಸಂಗತಿಗಳು ನಾಲ್ಕು: ಕಳೆದ ಮೂರು ನಾಲ್ಕು ವಾರದಲ್ಲಿ ಎಲ್ಲಿ, ಏನು ಕೆಲಸ ಮಾಡಿದಿರಿ, ಉಣುಗು ಕಚ್ಚಿತ್ತೇ, ಕಾಲಿನ ಗಾಯದೊಡನೆ ಕೆಸರಿಗಿಳಿದಿರಾ, ಸುತ್ತಮುತ್ತ ಮಂಗ ಸತ್ತಿದೆಯೇ. ಆಳುಗಳ ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಕೆಲಸದ ಜಾಗವನ್ನೂ ಬರೆದಿಟ್ಟರೆ ಈ ಉತ್ತರ ಕೈಯಲ್ಲೇ ಇರುತ್ತದೆ.

೨. ವೈದ್ಯರನ್ನು ಕಾಣುವ ಮೊದಲು ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ. ಆಸ್ಪಿರಿನ್, ಬ್ರೂಫೆನ್, ಡೈಕ್ಲೋಫೆನಾಕ್ ಮುಂತಾದವು ರಕ್ತಸ್ರಾವವನ್ನು ಹೆಚ್ಚಿಸಬಹುದು.

೩. ಮೈಯೆಲ್ಲ ನೋಡಿ ಕಪ್ಪು ಹೊಪ್ಪಳೆ ಇದೆಯೇ ಎಂದು ಪರೀಕ್ಷಿಸಬೇಕು. ಹೆಂಗಸರನ್ನು ಮನೆಯ ಹೆಂಗಸರೋ ಆಶಾ ಕಾರ್ಯಕರ್ತೆಯೋ ನೋಡಲಿ.

೪. ಬೆಟ್ಟಕ್ಕೆ, ಬೇಲಿ ಕೆಲಸಕ್ಕೆ ಹೋಗುವಾಗ ಉದ್ದ ತೋಳು, ಉದ್ದ ಕಾಲಿನ ಬಟ್ಟೆ, ಕಾಲಿಗೆ ಬೂಟು. ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಸವರಿಕೊಳ್ಳಬೇಕು. ಬಂದ ಕೂಡಲೇ ಬಿಸಿನೀರು ಸೋಪಿನ ಸ್ನಾನ, ಬಟ್ಟೆ ಕುದಿನೀರಿಗೆ. ದರಗಿನ ರಾಶಿ ಮನೆಯ ಹತ್ತಿರ ಬೇಡ.

೫. ಸತ್ತ ಮಂಗವನ್ನು ಮುಟ್ಟಬಾರದು. ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಅಲ್ಲಿಯೇ ಉದುರುತ್ತವೆ. ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಿ ಆ ಜಾಗದಲ್ಲಿ ಕೆಲಸ ನಿಲ್ಲಿಸಬೇಕು.

೬. ಮಳೆಗಾಲದಲ್ಲಿ ಬಸಿಗಾಲುವೆಗೆ ಇಳಿಯುವವರಿಗೆ ಗಮ್‌ಬೂಟು ಕೊಡಿಸಿ. ಗಾಯವಿದ್ದವರಿಗೆ ಅಂದು ಒಣ ಕೆಲಸ ಹೇಳಿ.

೭. ವಾರಕ್ಕೊಂದು ದಿನ ಗೊತ್ತು ಮಾಡಿ ಹಾಳೆ, ಚಿಪ್ಪು, ಡ್ರಮ್ಮುಗಳ ನೀರು ಚೆಲ್ಲಿಸಿ.

೮. ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಕೊಯ್ಲಿಗೆ ಬಂದ ಆಳುಗಳಿಗೆ ಇವನ್ನೆಲ್ಲ ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಉಣುಗೆಂದರೇನೆಂದು ಅವರಲ್ಲಿ ಹಲವರು ಕಂಡೇ ಇರುವುದಿಲ್ಲ. ಮಲೇರಿಯಾ ಇರುವ ಸೀಮೆಯಿಂದ ಬಂದವರಿಗೆ ಜ್ವರ ಬಂದರೆ ಮಲೇರಿಯಾದ ರಕ್ತಪರೀಕ್ಷೆಯೂ ಆಗಬೇಕು.

ಕೊನೆಯ ಅಂಶದ ಮೇಲೆ ನನ್ನ ವಿಶೇಷ ವಿನಂತಿ. ನಮ್ಮ ಮನೆಯವರಿಗೆ ಜ್ವರ ಬಂದರೆ ಕಾರು ಹೊರಡುತ್ತದೆ. ಲೈನಿನ ಮೂಲೆಯಲ್ಲಿ ಕಂಬಳಿ ಹೊದ್ದು ಮಲಗಿದ ಆಳು ಕೂಲಿ ತಪ್ಪೀತೆಂಬ ಭಯದಿಂದ ಜ್ವರವನ್ನೇ ಮುಚ್ಚಿಡುತ್ತಾನೆ. ಜ್ವರದ ಮೊದಲ ದಿನವೇ ಹೇಳಿದವನಿಗೆ ಆಸ್ಪತ್ರೆಗೆ ಹೋದ ದಿನದ ಕೂಲಿ ಕೊಡುವುದು ಧರ್ಮವೂ ಹೌದು, ಲೆಕ್ಕಕ್ಕೆ ನೋಡಿದರೆ ಲಾಭವೂ ಹೌದು. ಮುಂದಿನ ಕೊಯ್ಲು ಆರಂಭವಾಗುವ ಮೊದಲು ಪ್ರತಿಯೊಬ್ಬ ಸದಸ್ಯರೂ ತಮ್ಮ ತೋಟದ ಮಟ್ಟಿಗೆ ಇದನ್ನು ಗೊತ್ತು ಮಾಡಿಕೊಳ್ಳಬೇಕೆಂದು ಕೋರುತ್ತೇನೆ.

– ಕಾರ್ಯದರ್ಶಿ